750 ಫ್ರೇಮಿನ ದೆವ್ವ

ಹುಡುಗಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ದೃಶ್ಯ ಮಾಧ್ಯಮ ಓದುತ್ತಿದ್ದಾಳೆ. ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅವಳು ಮಾಡಿರುವುದು 30 ಸೆಕೆಂಡಿನ ಒಂದು ಜಾಹೀರಾತು. ಸೊಳ್ಳೆ ಬತ್ತಿಯದು, 1987ರ ದೂರದರ್ಶನದಲ್ಲಿ ಬಂದಿರಬಹುದಾದಂಥದ್ದು, ನೋಡನೋಡುತ್ತ ಹೆದರಿಕೆ ಹುಟ್ಟಿಸಬೇಕಾದದ್ದು. ಅಂಥ ಕಂಪನಿ ಎಲ್ಲೂ ಇಲ್ಲ, ಬತ್ತಿಯೂ ಇಲ್ಲ. ಪೊಟ್ಟಣವನ್ನು ಅವಳ ಗೆಳತಿ ಬರೆದುಕೊಟ್ಟಿದ್ದಾಳೆ. ಸೋದರಮಾವ ಎಂಬತ್ತರ ದಶಕದಲ್ಲಿ ಮುಂಬಯಿಯಲ್ಲಿ ಜಾಹೀರಾತು ಚಿತ್ರಗಳ ಸಂಕಲನದಲ್ಲಿ ದುಡಿದವರು, ಆಮೇಲೆ ಬೆಂಗಳೂರಿಗೆ ಬಂದು ಟೇಪು, ಕಂಪ್ಯೂಟರು ಎರಡರ ಮೇಲೂ ಅದೇ ಕೆಲಸ ಮಾಡಿದವರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಆಡಿದ ಮಾತು ಇದು. ಬತ್ತಿ ಹಚ್ಚುವ ತಾಯಿಯ ಪಾತ್ರ ಹುಡುಗಿಯ ತಾಯಿಯದ್ದೇ. ಅವರು ಅಡುಗೆಮನೆಯಲ್ಲಿದ್ದರು. ನಾನು ಕಾಫಿಯ ನೆಪದಲ್ಲಿ ಕೂತಿದ್ದೆ.

ಮಾವ: ನಿಲ್ಸು, ನಿಲ್ಸು. ಚಿತ್ರದ ಮೇಲೆ ಇದೇನು ಇಷ್ಟೊಂದು ಮಳೆ?

ಹುಡುಗಿ: ಅದೇ ರೆಟ್ರೊ ಲುಕ್ಕು ಮಾವ. ವಿಎಚ್‌ಎಸ್ ಎಫೆಕ್ಟ್ ಹಾಕಿದೀನಿ.

ಮಾವ: ಮೂಲೇಲಿ ಕೆಂಪು ಚುಕ್ಕಿ, ಪಕ್ಕದಲ್ಲಿ ಆರ್‌ಇಸಿ. ಯಾವ ಜಾಹೀರಾತಿನ ಮೇಲೆ ಇತ್ತಮ್ಮ ಇದು? ಕ್ಯಾಮೆರಾ ಹಿಡಿದೋನ ಕಣ್ಣಿಗೆ ವ್ಯೂಫೈಂಡರಿನಲ್ಲಿ ಕಾಣೋದು ಅದು. ತಾರೀಖು ಬೇಕಾದ್ರೆ ಮದುವೆ ಟೇಪಿನ ಮೇಲೆ ಬಿದ್ದಿರತ್ತೆ. ದೂರದರ್ಶನಕ್ಕೆ ಹೋಗೋ ಜಾಹೀರಾತಿನ ಮೇಲೆ ಯಾಕೆ ಬೀಳತ್ತೆ?

ಹುಡುಗಿ: ಸರಿ, ಅದನ್ನ ತೆಗೀತೀನಿ. ಉಳಿದದ್ದು ಇರ್ಲಿ ಅಲ್ವಾ?

ಮಾವ: ಉಳಿದದ್ದಕ್ಕೇ ಬರ್ತೀನಿ. ಈ ಅಡ್ಡಗೆರೆಗಳು ಟೇಪಿನವಲ್ಲ, ಟೀವಿ ಪರದೆಯವು. ಕೆಳಗಡೆ ಒಂದು ಪಟ್ಟಿ ಸೊಟ್ಟಗೆ ಅಲ್ಲಾಡ್ತಿದೆ ನೋಡು. ವಿಸಿಆರ್ ಒಳಗೆ ಡ್ರಮ್ಮು ತಿರುಗುವಾಗ ಒಂದು ಹೆಡ್ಡಿಂದ ಇನ್ನೊಂದಕ್ಕೆ ಬದಲಾಗೋ ಜಾಗ ಅದು. ಟೇಪಿನಲ್ಲಿ ಇರ್ತಿತ್ತು, ಒಪ್ಪಿದೆ. ಆದ್ರೆ ಮನೇಲಿ ಕೂತು ಟೀವಿ ನೋಡಿದೋರು ಅದನ್ನ ಕಂಡೇ ಇಲ್ಲ. ಆಗಿನ ಟೀವಿ ಚಿತ್ರದ ಅಂಚನ್ನೆಲ್ಲ ಚೌಕಟ್ಟಿನ ಹಿಂದಕ್ಕೆ ನುಂಗಿಬಿಡ್ತಿತ್ತು. ಓವರ್‌ಸ್ಕ್ಯಾನ್ ಅಂತೀವಿ. ಅಕ್ಷರ ಅಂಚಿಗೆ ಬಂದ್ರೆ ಕತ್ತರಿಸಿಹೋಗತ್ತೆ ಅಂತ ಒಳಗೆ ಒಂದು ಗಡಿ ಹಾಕಿಕೊಂಡು ಕೂರಿಸ್ತಿದ್ವಿ.

ಹುಡುಗಿ: ಆದ್ರೆ ನಾನು ಕಂಡಿದೀನಲ್ಲ! ಯೂಟ್ಯೂಬಿನಲ್ಲಿ ಎಷ್ಟು ಹಳೇ ಜಾಹೀರಾತಿನಲ್ಲಿ ಈ ಪಟ್ಟಿ ಇದೆ.

ಮಾವ: ಯಾರೋ ಪುಣ್ಯಾತ್ಮ ಮನೇಲಿ ಸಿನಿಮಾ ರೆಕಾರ್ಡ್ ಮಾಡಿರ್ತಾನೆ, ಮಧ್ಯೆ ಜಾಹೀರಾತೂ ಸೇರಿಕೊಂಡಿರತ್ತೆ. ಮೂವತ್ತು ವರ್ಷ ಆದಮೇಲೆ ಆ ಟೇಪನ್ನ ಕಂಪ್ಯೂಟರಿಗೆ ಇಳಿಸ್ತಾರೆ. ಕಂಪ್ಯೂಟರು ಅಂಚು ಮುಚ್ಚಲ್ಲ, ಪೂರ್ತಿ ಫ್ರೇಮು ತೋರಿಸತ್ತೆ. ನೀನು ನೋಡಿದ್ದು ಜಾಹೀರಾತಲ್ಲ, ಆ ಟೇಪಿನ ಮುಪ್ಪು. ನಮ್ಮ ಜಾಹೀರಾತೆಲ್ಲ 35 ಎಂಎಂ ಫಿಲ್ಮಿನಲ್ಲಿ ತೆಗೆದವು. ಸಿನಿಮಾ ಹಾಲಿಗೂ ಅದೇ, ಟೀವಿಗೂ ಅದೇ. ಒಂದು ಕೂದಲೆಳೆ ಕಂಡ್ರೂ ಪ್ರಿಂಟು ವಾಪಸ್ ಬರ್ತಿತ್ತು. ಗಾಜಿನಂಗೆ ಇರ್ತಿತ್ತು ಚಿತ್ರ.

ಹುಡುಗಿ: ನಿಮಗೆ 1987 ಅಂದ್ರೆ ನೆನಪು ಮಾವ. ನನಗೆ ಅದೊಂದು ಅಪ್‌ಲೋಡು. ನಾನು ಹುಟ್ಟೋ ಹೊತ್ತಿಗೆ ಆ ಪ್ರಿಂಟುಗಳು ಯಾವ ಗೋದಾಮಿನಲ್ಲಿದ್ವೋ, ಇದ್ವೋ ಇಲ್ವೋ. ನಮ್ಮ ಕೈಗೆ ಬಂದದ್ದು ಆ ಪುಣ್ಯಾತ್ಮನ ಟೇಪು ಮಾತ್ರ. ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಹಂಗೇ. ನಾನು ಗಾಜಿನಂಗೆ ಇರೋ 1987 ತೋರಿಸಿದ್ರೆ ಯಾರೂ ನಂಬಲ್ಲ, ಮೊನ್ನೆ ಫೋನಿನಲ್ಲಿ ತೆಗೆದದ್ದು ಅಂತಾರೆ.

ಮಾವ: ಮೊನ್ನೆ ಫೋನಿನಲ್ಲೇ ತಾನೇ ತೆಗೆದದ್ದು?

ಹುಡುಗಿ: ಅದನ್ನ ಮುಚ್ಚಬೇಕಲ್ಲ!

ಇಲ್ಲಿಗೆ ಮಾತು ನಗೆಯಲ್ಲಿ ಮುಗಿಯಬಹುದಿತ್ತು. ನನಗನ್ನಿಸಿದ್ದು, ಹುಡುಗಿಯ ವಾದವನ್ನು ತಳ್ಳಿಹಾಕುವುದು ಅಷ್ಟು ಸುಲಭವಿಲ್ಲ. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರಲ್ಲಿ, ಬಣ್ಣ ಬಂದದ್ದು 1982ರಲ್ಲಿ. ಆ ಕಾಲದ ಬಹುಪಾಲು ಇಂದಿನವರ ಕಣ್ಣಿಗೆ ಬೀಳುವುದು ಮನೆಮನೆಯ ಕ್ಯಾಸೆಟ್ಟಿನ ದಯೆಯಿಂದಲೇ. ಮಾವ ಕುರ್ಚಿ ಹತ್ತಿರ ಎಳೆದುಕೊಂಡರು.

ಮಾವ: ಆಯ್ತು, ಕೊಳೆ ಇರ್ಲಿ ಅಂತಿಟ್ಕೊ. ಕೊಳೆಗೂ ಒಂದು ಶಾಸ್ತ್ರ ಇದೆ. ನೀನು ಇಡೀ ಚಿತ್ರಾನ ಮಸುಕು ಮಾಡಿಬಿಟ್ಟಿದೀಯ. ವಿಎಚ್‌ಎಸ್ ಹಂಗೆ ಮಸುಕಾಗಲ್ಲ. ಮೇಲಿಂದ ಕೆಳಕ್ಕೆ ಗೆರೆ ಎಲ್ಲ ಉಳಿದಿರತ್ತೆ, ಅಡ್ಡಡ್ಡಕ್ಕೆ ಮಾತ್ರ ವಿವರ ಹೋಗತ್ತೆ, ಸುಮಾರು 240 ಗೆರೆಯಷ್ಟಕ್ಕೆ ಇಳಿದುಬಿಡತ್ತೆ. ಬಣ್ಣದ ಗತಿ ಇನ್ನೂ ಕೆಟ್ಟದ್ದು. ಬೆಳಕಿಗಿಂತ ಬಣ್ಣ ಎಷ್ಟೋ ಪಾಲು ಮಸುಕು. ಅದಕ್ಕೇ ಕೆಂಪು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸೋರತ್ತೆ. ಬಣ್ಣದ ಪದರ ಬೇರೆ ಮಾಡಿ, ಅದನ್ನ ಅಡ್ಡಕ್ಕೆ ಜಾಸ್ತಿ ಹರಡು. ಬಲಗಡೆಗೆ ಒಂಚೂರು ಸರಿಸು. ಈಗ ಬತ್ತಿ ತುದಿ ನೋಡು.

ಹುಡುಗಿ: ಅಯ್ಯೋ. ಕೆಂಡದ ಕೆಂಪು ಅಮ್ಮನ ಬೆರಳಿಗೆ ಹತ್ತಿಕೊಂಡಿದೆ.

ಮಾವ: ಹಾಂ. ಈ ಕೊಳೆ ಕೆಲಸ ಮಾಡ್ತಿದೆ. ನೀನು ಮೊದಲು ಹಾಕಿದ್ದು ಸುಮ್ನೆ ವೇಷ.

ಹುಡುಗಿ: ಹಾಗಾದ್ರೆ ಭಯ ಕೊಳೇಲಿ ಇರಬಹುದು ಅಂತ ಒಪ್ಪಿದ್ರಿ!

ಮಾವ: ಎಲ್ಲಿ ಒಪ್ಪಿದೆ? ಭಯ ಕತ್ತರೀಲಿ ಇರತ್ತೆ. ಇಂಗ್ಲೆಂಡಿನ ಸರ್ಕಾರ 1973ರಲ್ಲಿ ಮಕ್ಕಳು ಕೆರೆ ಹೊಂಡಕ್ಕೆ ಇಳೀದಿರ್ಲಿ ಅಂತ ಒಂದು ಪ್ರಚಾರಚಿತ್ರ ಮಾಡಿತ್ತು, ‘ಲೋನ್ಲಿ ವಾಟರ್’ ಅಂತ. ಕಪ್ಪು ಜೋಲಂಗಿ ತೊಟ್ಟು, ಮುಸುಕು ಎಳಕೊಂಡ ಒಂದು ಆಕೃತಿ ನೀರಿನ ಪಕ್ಕ ಸುಮ್ನೆ ನಿಂತಿರತ್ತೆ. ಡೊನಾಲ್ಡ್ ಪ್ಲೆಸೆನ್ಸ್ ಅನ್ನೋ ನಟ ಅದಕ್ಕೆ ದನಿ ಕೊಟ್ಟಿದಾನೆ. ಒಂದು ತಲೆಮಾರಿನ ಮಕ್ಕಳಿಗೆ ನಿದ್ದೆಗೆಡಿಸ್ತು ಅದು. ಅವತ್ತು ಹೊಚ್ಚಹೊಸಾ ಫಿಲ್ಮು, ಕೊಳೆ ಎಲ್ಲಿತ್ತು? ಅಷ್ಟು ದೂರ ಯಾಕೆ, ನಮ್ಮ ಒನಿಡಾ ಟೀವಿ ಜಾಹೀರಾತು. ಹಸಿರು ಬಟ್ಟೆ, ಕೊಂಬು, ಬಾಲದ ಸೈತಾನ. ಮಕ್ಕಳು ಹೆದರಿಕೊಂಡು ಕಣ್ಣು ಮುಚ್ಚೋರು, ದೊಡ್ಡೋರು ಟೀವಿ ಕೊಳ್ಳೋರು. ಗೋಪಿ ಕುಕ್ಡೆ ಅನ್ನೋರ ಕಲ್ಪನೆ ಅದು. ನುಣ್ಣಗೆ, ಹೊಳೆಹೊಳೆಯುತ್ತ ಇತ್ತು ಆ ಚಿತ್ರ.

ಹುಡುಗಿ: ಆದ್ರೆ ಅವೆರಡೂ ಹೆದರಿಸಬೇಕು ಅಂತಲೇ ಮಾಡಿದವು. ನಾನು ಮಾಡ್ತಿರೋದು ಬೇರೆ. ಹೆದರಿಸೋ ಉದ್ದೇಶವೇ ಇಲ್ಲದ ಜಾಹೀರಾತು, ನಗನಗ್ತಾ ಇರೋದು, ತಾನಾಗಿ ಕೆಟ್ಟುಹೋಗಬೇಕು. 2015ರಲ್ಲಿ ಅಮೆರಿಕದ ಕ್ರಿಸ್ ಸ್ಟ್ರಾಬ್ ‘ಲೋಕಲ್ 58’ ಅಂತ ಒಂದು ಸರಣಿ ಶುರುಮಾಡಿದ. ಯಾವುದೋ ಸಣ್ಣ ಊರಿನ ಟೀವಿ ಕೇಂದ್ರದ ಪ್ರಸಾರ, ಅಷ್ಟೆ. ಹವಾಮಾನ ವರದಿ, ರಾತ್ರಿ ಪ್ರಸಾರ ಮುಗಿಯೋ ಪ್ರಕಟಣೆ, ಎಲ್ಲಾ ಮಾಮೂಲಿ. ಆ ಮಾಮೂಲಿಯೊಳಗೇ ಬೇಡದ್ದು ಬರತ್ತೆ. ಅಲ್ಲಿಂದ ಮುಂದೆ ನಮ್ಮ ವಯಸ್ಸಿನೋರು ಎಷ್ಟು ಜನ ಅದೇ ಹಾದಿ ಹಿಡಿದ್ರು. ಅಲ್ಲಿ ಟೇಪಿನ ಕೊಳೆ ಅಲಂಕಾರಕ್ಕಿಲ್ಲ. ಸರಿಯಾಗಿ ಕಾಣ್ತಿಲ್ಲ ಅನ್ನೋದೇ ಅಲ್ಲಿ ಭಯ. 240 ಗೆರೇಲಿ ಅಮ್ಮ ನಗ್ತಿದಾಳೋ ಹಲ್ಲು ಕಚ್ಚಿದಾಳೋ ಗೊತ್ತಾಗಲ್ಲ. ನಿಮ್ಮ ಗಾಜಿನಂಥ ಫಿಲ್ಮಿನಲ್ಲಿ ಗೊತ್ತಾಗಿಬಿಡತ್ತೆ.

ಮಾವ: ಗೊತ್ತಾದ ಮೇಲೂ ಹೆದರಿಸೋಕೆ ಬರಬೇಕು. 25 ಫ್ರೇಮಿನ ಲೆಕ್ಕದಲ್ಲಿ 30 ಸೆಕೆಂಡು ಅಂದ್ರೆ 750 ಫ್ರೇಮು. ನಿಮ್ಮಮ್ಮ ಬತ್ತಿ ಹಚ್ಚಿ ಕ್ಯಾಮೆರಾ ಕಡೆ ತಿರುಗಿ ನಗ್ತಾಳೆ. ನೀನು ನಗು ಮುಗಿದ ತಕ್ಷಣ ಕತ್ತರಿಸಿದೀಯ. ಇನ್ನು 12 ಫ್ರೇಮು ಬಿಡು. ಅರ್ಧ ಸೆಕೆಂಡು. ಏನೂ ಮಾಡಬೇಡ, ಎಫೆಕ್ಟ್ ಬೇಡ.

ಹುಡುಗಿ ಹನ್ನೆರಡು ಫ್ರೇಮು ಬಿಟ್ಟಳು. ನಾನೂ ನೋಡಿದೆ. ಟೀವಿಯ ನಗು ಯಾವಾಗ ಮುಗಿಯಬೇಕು ಎಂಬುದು ನಮಗೇ ತಿಳಿಯದಂತೆ ನಮ್ಮೊಳಗೆ ಕೂತಿರುತ್ತದೆ. ಅದು ಮುಗಿಯದಿದ್ದಾಗ ಕುತ್ತಿಗೆಯ ಹಿಂದೆ ಏನೋ ಆಗುತ್ತದೆ. ಅಡುಗೆಮನೆಯಿಂದ ‘ನನ್ನ ಮುಖ ಅಷ್ಟು ಭಯಂಕರವಾಗಿದೆಯೇನ್ರೋ?’ ಎಂಬ ಪ್ರಶ್ನೆ ಬಂತು. ಇಬ್ಬರೂ ಉತ್ತರ ಕೊಡಲಿಲ್ಲ.

ಹುಡುಗಿ: ಇದು ಇರ್ಲಿ. ಆದ್ರೆ ಕೊಳೆಯೂ ಇರತ್ತೆ.

ಮಾವ: ಇನ್ನೊಂದು. ದೆವ್ವ ಎಲ್ಲಿ?

ಹುಡುಗಿ: ದೆವ್ವ ಇಲ್ಲ.

ಮಾವ: ಇಲ್ಲ ಅಂದ್ರೆ? ಜನ ಕಾಯ್ತಿರ್ತಾರೆ. ರಾಮ್ಸೆ ಸಹೋದರರು ‘ಪುರಾನಾ ಮಂದಿರ್’ ಮಾಡಿದ್ದು 1984ರಲ್ಲಿ. ದೆವ್ವಾನ ತಂದು ಎದುರಿಗೆ ನಿಲ್ಸಿದ್ರು, ಹಾಲು ತುಂಬಿದ್ವು. 1993ರಲ್ಲಿ ‘ಜೀ ಹಾರರ್ ಶೋ’ ಬಂದಾಗ ನಿಮ್ಮಮ್ಮ ನನ್ನ ಬೆನ್ನ ಹಿಂದೆ ಕೂತು ನೋಡೋಳು. ಕನ್ನಡದಲ್ಲೂ ‘ನಾ ನಿನ್ನ ಬಿಡಲಾರೆ’ ಇರ್ಲಿಲ್ವಾ, 1979ರದ್ದು? ಹೊಗೆ ಇದೆ, ಸೊಳ್ಳೆಪರದೆ ಇದೆ. ಪರದೆ ಹಿಂದೆ ಒಂದು ಆಕಾರ ನಿಲ್ಸು.

ಹುಡುಗಿ: ಬಿಳಿ ಸೀರೆ, ಬಿಚ್ಚಿದ ಕೂದಲು, ಅದೇ ತಾನೇ? ಪ್ರತಿ ಸಲ ಹೆಂಗಸೇ ಯಾಕೆ ದೆವ್ವ ಆಗಬೇಕು ಮಾವ? ಆಮೇಲೆ, ಆಕಾರ ಕಂಡ ಕೂಡಲೇ ಜನಕ್ಕೆ ನಿರಾಳ ಆಗತ್ತೆ, ಓ ಇದು ದೆವ್ವದ ಕತೆ ಅಂತ. ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ದೆವ್ವ ವಾಪಸ್ ಹೋಗ್ಲಿ ಅಂತ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೀತಿದ್ರಂತಲ್ಲ. ಆ ದೆವ್ವಾನ ಯಾರು ನೋಡಿದ್ರು? ಬಾಗಿಲ ಮೇಲಿನ ಸೀಮೆಸುಣ್ಣದ ಅಕ್ಷರ ನೋಡಿಯೇ ಬೀದಿಗೆ ಬೀದಿ ಹೆದರಿಲ್ವಾ?

ಮಾವ: ಹೆದರಿತ್ತು. ನಾನೂ ಬರೆದಿದ್ದೆ. ಆದ್ರೆ ಅದು ಊರಲ್ಲಿ ದಿನಗಟ್ಲೆ ಬೆಳೆದ ಸುದ್ದಿ. ನಿನಗಿರೋದು 750 ಫ್ರೇಮು.

ಹುಡುಗಿ: ನನಗೆ ಒಂದು ಸಾಲು ಇದೆ. ‘ನೀವು ಮಲಗಿ, ನಾವು ಎಚ್ಚರವಾಗಿರುತ್ತೇವೆ.’ ಜಿಂಗಲ್ಲಿನ ಕೊನೇಲಿ ಅಮ್ಮ ನಗ್ತಾ ಹೇಳ್ತಾಳೆ. ಆಮೇಲೆ ದೀಪ ಆರಿದ ಮೇಲೆ ಇನ್ನೊಂದ್ಸಲ ಬರತ್ತೆ.

ಮಾವ: ಸಾಲು ಚೆನ್ನಾಗಿದೆ. ನಿಜವಾದ ಕಂಪನಿಯೂ ದುಡ್ಡು ಕೊಟ್ಟು ತಗೋತಿತ್ತು. ಜಿಂಗಲ್ ಯಾರದ್ದು? ಹಳೇ ಜಾಹೀರಾತಿಂದ ಎತ್ತಿಲ್ಲ ತಾನೆ? ವಿದ್ಯಾರ್ಥಿ ಕೆಲಸ ಅಂದ್ರೂ ಬೇರೆಯೋರ ಹಾಡು ಬೇರೆಯೋರದ್ದೇ.

ಹುಡುಗಿ: ಇಲ್ಲ ಮಾವ, ನಮ್ಮ ಹಾಸ್ಟೆಲಿನ ಹುಡುಗೀರೇ ಹಾಡಿದ್ದು. 1982ರ ‘ಹ್ಯಾಲೋವೀನ್ 3’ ಸಿನಿಮಾದಲ್ಲಿ ಮುಖವಾಡದ ಜಾಹೀರಾತು ಒಂದು ಬರತ್ತಲ್ಲ, ಮಕ್ಕಳ ಪದ್ಯದ ಧಾಟಿಗೆ ಹಬ್ಬಕ್ಕೆ ಎಷ್ಟು ದಿನ ಅಂತ ಎಣಿಸ್ತಾ ಹೋಗತ್ತೆ. ಅದನ್ನ ನೋಡೇ ಹೊಳೆದದ್ದು. ಎರಡನೇ ಸಲಕ್ಕೆ ನಮ್ಮ ಹಾಡನ್ನೇ ಅರ್ಧ ವೇಗಕ್ಕೆ ಇಳಿಸಿದೀನಿ.

ಮಾವ: ಅರ್ಧಕ್ಕೆ ಇಳಿಸಿದ್ರೆ ರಾಕ್ಷಸ ಹಾಡಿದಂಗೆ ಇರತ್ತೆ, ಎಲ್ಲರಿಗೂ ಗುಟ್ಟು ಗೊತ್ತಾಗತ್ತೆ. ನೂರಕ್ಕೆ ನಾಲ್ಕು ಇಳಿಸು. 24 ಫ್ರೇಮಿನಲ್ಲಿ ತೆಗೆದ ಫಿಲ್ಮನ್ನ ನಮ್ಮ ಟೀವಿ 25ರಲ್ಲಿ ಓಡಿಸ್ತಿತ್ತು. ಸಿನಿಮಾ ಎಲ್ಲ ಅಷ್ಟಷ್ಟು ಬೇಗ ಮುಗೀತಿತ್ತು, ಹಾಡಿನ ಶ್ರುತಿ ಕೂದಲೆಳೆಯಷ್ಟು ಏರಿರ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ನೀನು ಅದನ್ನ ತಿರುವಿಹಾಕು. ಯಾರಿಗೂ ಗೊತ್ತಾಗಲ್ಲ, ಎಲ್ಲರಿಗೂ ಒಂಥರಾ ಆಗತ್ತೆ.

ಮುಂದಿನದ್ದು ನನ್ನ ಮಟ್ಟಿಗೆ ಆ ಸಂಜೆಯ ಮುಖ್ಯ ಜಗಳ. ಹುಡುಗಿ ಆ ಸಾಲು ಬರುವ ಭಾಗ ಓಡಿಸಿದಳು. ತಾಯಿಯ ತುಟಿ ಮುಚ್ಚಿದ ಮೇಲೂ ‘ಎಚ್ಚರವಾಗಿರುತ್ತೇವೆ’ಯ ಕೊನೆಯ ಎರಡು ಅಕ್ಷರ ಗಾಳಿಯಲ್ಲಿ ಉಳಿಯಿತು.

ಮಾವ: ಲಿಪ್‌ಸಿಂಕ್ ಹೋಗಿದೆ. ದನೀನ ಆರು ಫ್ರೇಮು ಹಿಂದಕ್ಕೆ ತಗೋ.

ಹುಡುಗಿ: ಬೇಕಂತಲೇ ಬಿಟ್ಟಿದೀನಿ. ಹಳೇ ಕನ್ನಡ ಜಾಹೀರಾತೆಲ್ಲ ಹಿಂಗೇ ಇವೆಯಲ್ಲ ಮಾವ. ಬಾಯಿ ಏನೋ ಹೇಳತ್ತೆ, ಕಿವಿಗೆ ಇನ್ನೇನೋ ಬೀಳತ್ತೆ. ಮುಖ ಯಾವುದೋ ಊರಿಂದು, ಮಾತು ಯಾರದ್ದೋ. ನಿಮ್ಮ ಇಂಗ್ಲೆಂಡಿನ ಮುಸುಕಿಗಿಂತ ನನಗೆ ಇದೇ ಹೆಚ್ಚು ಭಯ. ಬೇರೆ ಯಾರೋ ಅವರೊಳಗೆ ಕೂತು ಮಾತಾಡ್ತಿರೋ ಹಂಗೆ.

ಮಾವ: (ತುಸು ಹೊತ್ತು ಬಿಟ್ಟು) ಅದರಲ್ಲಿ ಕೆಲವನ್ನ ನಾನು ಕೂರಿಸಿದೀನಿ, ಗೊತ್ತಾ? ಹಿಂದೀಲಿ ತೆಗೆದದ್ದು. ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲಾ ಒಂದೇ ದಿನ ಒಂದೇ ಸ್ಟುಡಿಯೋದಲ್ಲಿ. ಮುಂಬಯೀಲಿ ಇದ್ದ ಕನ್ನಡದೋರನ್ನ ಕರೆಸಿ ಹೇಳಿಸೋದು. ಹಿಂದಿ ಮಾತು ಮುಗಿದಿರತ್ತೆ, ನಮ್ಮ ಕ್ರಿಯಾಪದ ಇನ್ನೂ ಬಾಗಿಲಲ್ಲೇ ನಿಂತಿರತ್ತೆ. ಏನು ಮಾಡೋದು? ಪದ ಮೊಟಕು ಮಾಡ್ತಿದ್ವಿ, ಉಸಿರು ತೆಗೀತಿದ್ವಿ. ಅದಕ್ಕೂ ಬಗ್ಗದಿದ್ರೆ ಬಾಯಿ ಮುಚ್ಚೋ ಜಾಗಕ್ಕೆ ಸರಿಯಾಗಿ ಪೊಟ್ಟಣದ ಶಾಟು ಹಾಕಿಬಿಡೋದು. ನೋಡೋನ ಕಣ್ಣು ಪೊಟ್ಟಣದ ಮೇಲೆ ಇರತ್ತೆ, ಮಾತು ಅಷ್ಟರಲ್ಲಿ ಮುಗೀತು. ನಾವು ರಾತ್ರಿ ಕೂತು ಮುಚ್ಚಿದ್ದನ್ನ ನೀನು ಬಿಚ್ಚಿ, ನೋಡಿ ಎಷ್ಟು ಭಯ ಅಂತ ತೋರಿಸ್ತೀಯ.

ಹುಡುಗಿ: ನಿಮ್ಮನ್ನ ಆಡಿಕೊಳ್ತಿಲ್ಲ.

ಮಾವ: ಆಡಿಕೊಂಡ್ರೆ ಪರವಾಗಿಲ್ಲ ಅಂತೀನಿ. ಆಡಿಕೊಂಡ್ರೆ ನಗಬಹುದು. ಇದು ಹಂಗಲ್ಲ. ನಮ್ಮ ಕೈಲಿ ಆಗದೇ ಉಳಿದದ್ದು ನಿಮಗೆ ಹಾರರ್ ಆಗಿಬಿಟ್ಟಿದೆ.

ಹುಡುಗಿ: ನಿಮ್ಮ ಕೈಲಿ ಆಗದ್ದಕ್ಕೆ ಅಲ್ಲ ಮಾವ. ಕನ್ನಡದೋರ ಮನೆಗೆ ಬತ್ತಿ ಮಾರೋಕೆ ಕನ್ನಡದ ಮುಖ ಒಂದೂ ಬೇಡ, ಒಂದು ದನಿ ಸಾಕು ಅಂದುಕೊಂಡಿದ್ರಲ್ಲ, ಅದಕ್ಕೆ. ನಾನು ಮುಖವೂ ಕನ್ನಡದ್ದೇ ಹಾಕಿದೀನಿ, ಅಮ್ಮಂದು. ಆಮೇಲೆ ಅವಳದೇ ದನೀನ ಅವಳ ಬಾಯಿಂದ ಕಿತ್ತಿದೀನಿ.

ಮಾವ: ಅದು ಅರ್ಥ ಆಗಬೇಕಾದ್ರೆ ಪಕ್ಕದಲ್ಲಿ ನಿಂತು ನೀನೇ ವಿವರಿಸಬೇಕು. ನೋಡೋರು ಏನಂತಾರೆ? ಎಡಿಟರಿಗೆ ಸಿಂಕ್ ಮಾಡೋಕೆ ಬರಲ್ಲ ಅಂತಾರೆ. ತಪ್ಪು ಬೇಕಂತ ಮಾಡಿದ್ದು ಅಂತ ಗೊತ್ತಾಗಬೇಕಾದ್ರೆ ಮೊದಲು ಸರಿ ಇರಬೇಕು. ಮೊದಲ ಸಲ ಆ ಸಾಲು ತುಟಿಗೆ ಅಂಟಿದಂಗೆ ಇರ್ಲಿ. ಎರಡನೇ ಸಲ ಬೇಕಾದ್ದು ಮಾಡು.

ಹುಡುಗಿ: ಮೊದಲ ಸಲ ಎರಡು ಫ್ರೇಮು ತಪ್ಪಿರ್ಲಿ. ಎರಡು ಅಷ್ಟೆ.

ಮಾವ: ಎರಡು ಫ್ರೇಮು ಯಾರಿಗೆ ಗೊತ್ತಾಗತ್ತೆ?

ಹುಡುಗಿ: ನೂರಕ್ಕೆ ನಾಲ್ಕು ಇಳಿಸು ಅಂದಾಗ ನೀವೇನಂದ್ರಿ?

ಮಾವ ಅದಕ್ಕೆ ಮಾತಾಡದೆ ಕಾಫಿ ಎತ್ತಿಕೊಂಡರು. ಗೆದ್ದಳು ಎಂದುಕೊಂಡೆ, ಆದರೆ ಆಕೆಯೂ ಆ ಎರಡು ಫ್ರೇಮನ್ನು ಒಮ್ಮೆ ಸರಿಸಿ, ಮತ್ತೆ ಹಿಂದಕ್ಕೆ ತಂದು, ಮತ್ತೆ ಸರಿಸಿದಳು. ಟೇಪಿನ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ. ಮುಂಚಿನ ಒಂದು ಶಾಟಿನ ಉದ್ದ ಬದಲಿಸಿದರೆ ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಇಳಿಸಬೇಕಿತ್ತು.

ಹುಡುಗಿ: ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮ ಜಾಹೀರಾತುಗಳು ಭಯವನ್ನೇ ತಾನೇ ಮಾರ್ತಿದ್ದದ್ದು? ಹಲ್ಲಿಗೆ ಹುಳುಕು, ಕೈಯಲ್ಲಿ ಕೀಟಾಣು, ಮಗು ಪಕ್ಕದ ಮನೆ ಮಗುವಿನಷ್ಟು ಎತ್ತರ ಇಲ್ಲ. ನಾನು ಅದನ್ನ ಮೇಲಕ್ಕೆ ತಂದಿದೀನಿ ಅಷ್ಟೆ.

ಮಾವ: ಸೊಳ್ಳೆ ನಿಜವಾಗ್ಲೂ ಇತ್ತಮ್ಮ. ಮಲೇರಿಯಾನೂ ಇತ್ತು.

ಹುಡುಗಿ: ಅದಕ್ಕೇ ಸೊಳ್ಳೆ ಬತ್ತಿ ತಗೊಂಡದ್ದು. ಪೂರ್ತಿ ಸುಳ್ಳು ಭಯ ಆಗಿದ್ರೆ ನಗೆಪಾಟಲಾಗ್ತಿತ್ತು.

ಮಾವ: ಹೂಂ. ಕೊನೆ ಭಾಗ ಹಾಕು. ಪೊಟ್ಟಣ ಎಷ್ಟು ಫ್ರೇಮು ಇಟ್ಟಿದೀಯ?

ಹುಡುಗಿ: ನಲವತ್ತು.

ಮಾವ: 75 ಇರಬೇಕು. ಮೂರು ಸೆಕೆಂಡು. ಹೆಸರು ಓದೋಕೆ ಅಷ್ಟಾದ್ರೂ ಬೇಡ್ವಾ?

ಹುಡುಗಿ: ಉಳಿದ 35 ಅಮ್ಮನ ಮುಖಕ್ಕೆ ಕೊಟ್ಟಿದೀನಿ. ಬಾಯಿ ಮುಚ್ಚಿದೆ, ಮಾತು ನಡೀತಿದೆ. ನೀವು ಪೊಟ್ಟಣ ಹಾಕಿ ಮುಚ್ತಿದ್ದ ಜಾಗ ಅದು.

ಮಾವ: ಹಂಗಾದ್ರೆ ಇದು ಜಾಹೀರಾತಲ್ಲ. ಬರೀ ದೆವ್ವದ ಸಿನಿಮಾ. ಕ್ಲೈಂಟ್ ದುಡ್ಡು ಕೊಡಲ್ಲ.

ಹುಡುಗಿ: ಕ್ಲೈಂಟೇ ಇಲ್ವಲ್ಲ ಮಾವ!

ಮಾವ: ಇದಾನೆ ಅಂದುಕೊಂಡೇ ಕತ್ತರಿಸಬೇಕು. ಅವನು ಹಿಂದೆ ಕೂತಿದಾನೆ, ಪೊಟ್ಟಣ ಇನ್ನೂ ದೊಡ್ಡದು ಮಾಡಿ ಅಂತಿದಾನೆ. ಆ ಒತ್ತಾಯ ಇಲ್ಲದಿದ್ರೆ 1987 ಬರಲ್ಲ, ನೀನು ಎಷ್ಟು ಕೊಳೆ ಸುರಿದ್ರೂ.

ಹುಡುಗಿ: ಸರಿ, ದೊಡ್ಡದು ಮಾಡ್ತೀನಿ. ಪರದೆ ತುಂಬ. ಆದ್ರೆ ಮೊದಲು ಆ 35 ಫ್ರೇಮು ಮುಗೀಲಿ.

ಮಾವ: ಇಪ್ಪತ್ತಕ್ಕೆ ಮುಗಿಸು.

ಹುಡುಗಿ: ಮೂವತ್ತು.

ಮಾವ: ಕೆಳಗಿನ ಆ ಪಟ್ಟಿ ತೆಗೆದ್ರೆ ಮೂವತ್ತು.